ಲೆಕ್ಕಕ್ಕಿಲ್ಲದ ತಟ್ಟು

ಪಟ್ಟಿನ ಮೇಷ್ಟ್ರು ಎಂದರೆ ಆ ಊರಿನ ಪೊಲೀಸರಿಗೆ ಅರ್ಧ ಭಯ, ಅರ್ಧ ಸಲಿಗೆ. ಪೊಲೀಸ್ ತರಬೇತಿ ಶಾಲೆಯ ಹಿಂದೆ ತಗಡು ಹೊದಿಸಿದ ಉದ್ದನೆಯ ಒಂದು ಶೆಡ್ಡಿತ್ತು. ಅಲ್ಲಿ ಹಾಸಿದ್ದ ಮ್ಯಾಟು ಹುಡುಗರ ಬೆವರು ಕುಡಿದೂ ಕುಡಿದೂ ಯಾವ ಬಣ್ಣದ್ದೆಂದು ಹೇಳಲಾಗದ ಸ್ಥಿತಿಗೆ ಬಂದಿತ್ತು. ಓಡುವವನನ್ನು ಹಿಡಿಯುವುದು ಹೇಗೆ, ಮೈಮೇಲೆ ಬಿದ್ದವನನ್ನು ಕೆಡವುವುದು ಹೇಗೆ, ಕೆಡವಿದವನ ಕೈಗೆ ಬೇಡಿ ತೊಡಿಸುವುದು ಹೇಗೆ, ಎಲ್ಲವನ್ನೂ ಮೇಷ್ಟ್ರು ಅಲ್ಲಿಯೇ ಕಲಿಸುತ್ತಿದ್ದರು. ಊರಿನ ಯಾವ ಠಾಣೆಗೆ ಹೋದರೂ ಅವರ ಕೈಯಲ್ಲಿ ಮಣ್ಣು ಮುಕ್ಕದ ಪೊಲೀಸಿನವನು ಸಿಗುತ್ತಿರಲಿಲ್ಲ. ಆಳು ಗಿಡ್ಡ, ಕತ್ತು ದಪ್ಪ, ಬಾಯಿ ಆ ಕತ್ತಿಗಿಂತ ದೊಡ್ಡದು. ಮದುವೆ ಏಕಾಗಲಿಲ್ಲವೆಂದು ಕೇಳಿದರೆ, “ಯಾರೂ ನನ್ನ ಪಟ್ಟಿಗೆ ಸಿಗಲಿಲ್ಲ ಕಣಯ್ಯ” ಎಂದು ತಾವೇ ಮೊದಲು ನಗುತ್ತಿದ್ದರು.

ಶೆಡ್ಡಿಗೊಂದು ನಿಯಮವಿತ್ತು. ಪಟ್ಟಿಗೆ ಸಿಕ್ಕವನು ನೋವು ತಡೆಯಲಾಗದೆ ಹೋದಾಗ ಅಂಗೈಯಿಂದ ಮ್ಯಾಟನ್ನು ತಟ್ಟಬೇಕು. ತಟ್ಟಿದ ಕೂಡಲೇ ಹಿಡಿದವನು ಬಿಡಬೇಕು. ಮೇಲಿರುವವನು ಎಂಥ ಶೂರನಾಗಿರಲಿ, ಕೆಳಗಿರುವವನು ಎಂಥ ಪುಕ್ಕಲನಾಗಿರಲಿ, ತಟ್ಟಿದ ಮೇಲೂ ಬಿಡದೆ ಒಂದು ಉಸಿರಿನಷ್ಟು ಹೆಚ್ಚಿಗೆ ಹಿಡಿದರೆ ಮೇಷ್ಟ್ರ ಕೈ ಅವನ ಬೆನ್ನಿನ ಮೇಲೆ ಬೀಳುತ್ತಿತ್ತು. ಹುಡುಗರು ಒಬ್ಬರಿಗೊಬ್ಬರು ಮೈ ಒಪ್ಪಿಸಿ ಕಲಿಯುತ್ತಿದ್ದುದೇ ಆ ತಟ್ಟಿನ ಮೇಲಿನ ನಂಬಿಕೆಯಿಂದ. ಒಳ್ಳೆಯ ನಿಯಮ. ಯಾರೂ ಬೆರಳು ತೋರಿಸುವ ಹಾಗಿಲ್ಲ.

ಆದರೆ ಆ ನಿಯಮಕ್ಕೆ ಒಂದು ಕಿಂಡಿಯಿತ್ತು. ಅದನ್ನು ಹೇಳಬೇಕಾದರೆ ಹಡಗುಕಟ್ಟೆಯವರ ವಿಷಯ ಹೇಳಬೇಕು.

ಯಾವುದೋ ಕಾಲದಲ್ಲಿ ಹಡಗಿನ ಸರಕು ಇಳಿಸುವುದಕ್ಕೆಂದು ಬಹಳ ದೂರದಿಂದ ಕರೆತಂದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅವರು. ಮುಖದ ಬಣ್ಣ ಊರಿನವರಿಗಿಂತ ಕಪ್ಪು, ಕೂದಲು ಬಿಗಿಯಾದ ಗುಂಗುರು. ಈಗ ಸರಕು ಹೊರುವವರು ಅವರಲ್ಲಿ ಕಡಿಮೆ. ಬಸ್ಸು ಓಡಿಸುವವರಿದ್ದಾರೆ, ಶಾಲೆಯಲ್ಲಿ ಪಾಠ ಹೇಳುವವರಿದ್ದಾರೆ, ಕ್ಷೌರದಂಗಡಿ ಇಟ್ಟವರಿದ್ದಾರೆ. ಅವರ ಮಾತೂ ಊರಿನವರ ಮಾತೇ, ಬೈಗುಳವೂ ಊರಿನವರ ಬೈಗುಳವೇ. ಆದರೂ ಊರಿನ ಕಣ್ಣಿಗೆ ಅವರು ನಿನ್ನೆ ಸಂಜೆ ಹಡಗಿನಿಂದ ಇಳಿದವರು. ಎಲ್ಲಾದರೂ ಒಂದು ಬೀಗ ಒಡೆದರೆ ಸಾಕು, ಒಡೆದದ್ದು ಯಾರೆಂದು ತಿಳಿಯುವ ಮೊದಲೇ ಜನರ ಬಾಯಲ್ಲಿ ಅವರ ಕೇರಿಯ ಹೆಸರು.

ಹಿಂದಿನ ಕಾಲದಲ್ಲಿ ಸರಕು ಹೊರುವಾಗ ಅವರು ತಲೆಗೊಂದು ನೀಲಿ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಒಂದು ಬೇಸಿಗೆಯ ಮಧ್ಯಾಹ್ನ ಶೆಡ್ಡಿನಲ್ಲಿ ಹುಡುಗರೆಲ್ಲ ತೂಕಡಿಸುತ್ತಿದ್ದಾಗ, ಆಗಿನ್ನೂ ಹೊಸಬರಾಗಿದ್ದ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಕಳ್ಳನ ಪಾತ್ರ ಮಾಡುತ್ತಿದ್ದ ಹುಡುಗನ ತಲೆಗೆ ನೀಲಿ ಬಟ್ಟೆಯೊಂದನ್ನು ಸುತ್ತಿದರು. ಅವನು ನೋವಿಗೆ ತಟ್ಟಿದಾಗ ಪಟ್ಟು ಹಾಕಿದವನು ಬಿಡಲು ಹೋದ. ಮೇಷ್ಟ್ರು ಕೂಗಿದರು: “ಬಿಡಬೇಡ! ನೀಲಿ ಬಟ್ಟೆಯವನ ತಟ್ಟು ಲೆಕ್ಕಕ್ಕಿಲ್ಲ. ಅವರ ಚರ್ಮ ದಪ್ಪ, ನಾಟಕ ಜಾಸ್ತಿ. ಇನ್ನೂ ನಾಕು ಸಲ ತಟ್ಟಲಿ, ಆಮೇಲೆ ನೋಡೋಣ!” ಶೆಡ್ಡಿನ ತಗಡು ಹಾರಿಹೋಗುವ ಹಾಗೆ ನಗು. ನಿದ್ದೆ ಎತ್ತಲೋ ಓಡಿತು. ನಗು ತಂದ ಮಾತನ್ನು ಕೈಬಿಡುವ ಮೇಷ್ಟ್ರು ಯಾರಿದ್ದಾರೆ? ಮುಂದಿನ ತಂಡಕ್ಕೂ ಅದನ್ನೇ ಹೇಳಿದರು, ಅದರ ಮುಂದಿನದಕ್ಕೂ. ಬರಬರುತ್ತ ಅದು ತಮಾಷೆಯ ಮಾತಾಗಿ ಉಳಿಯದೆ ಅಭ್ಯಾಸವಾಯಿತು. ಕಳ್ಳನಾದವನು ತಾನಾಗಿಯೇ ನೀಲಿ ಬಟ್ಟೆ ಸುತ್ತಿಕೊಳ್ಳುತ್ತಿದ್ದ, ಅವನು ತಟ್ಟಿದರೆ ಮೇಲಿದ್ದವನು ತಾನಾಗಿಯೇ ಮಂಡಿ ಒತ್ತುತ್ತಿದ್ದ.

ಮೇಷ್ಟ್ರು ಕೆಟ್ಟವರೇ ಎಂದು ಕೇಳಿದರೆ ಏನು ಹೇಳುವುದು! ಹಡಗುಕಟ್ಟೆಯ ಒಬ್ಬರ ಮೇಲೂ ಅವರು ಜೀವಮಾನದಲ್ಲಿ ಕೈ ಎತ್ತಿದವರಲ್ಲ. ಅವರನ್ನೇ ಕೇಳಿದ್ದರೆ, “ಏನಪ್ಪ, ತಮಾಷೆಗೆ ಅಂದದ್ದು, ಅಷ್ಟೇ” ಎನ್ನುತ್ತಿದ್ದರು. ಈ ‘ಅಷ್ಟೇ’ ಎಂಬ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಇರಲಿ, ಕಥೆ ಹೇಳಲು ಕೂತವರು ಸಿಟ್ಟನ್ನು ಸ್ವಲ್ಪ ನುಂಗಿಕೊಳ್ಳಬೇಕು.

ಮೇಷ್ಟ್ರ ಮನೆಯಲ್ಲಿದ್ದವರು ಅವರ ತಂಗಿ ಮತ್ತು ತಂಗಿಯ ಮಗ. ತಂಗಿಯ ಗಂಡ ತೀರಿಕೊಂಡಾಗ ಮಗು ಇನ್ನೂ ತೊದಲು ಮಾತಾಡುತ್ತಿತ್ತು. ಅಂದಿನಿಂದ ಮೇಷ್ಟ್ರು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದರು. ಹುಡುಗ ದೊಡ್ಡವನಾಗಿ ಪೊಲೀಸು ಸೇರಿದ, ಮಾವನ ಶೆಡ್ಡಿನಲ್ಲೇ ಕಲಿತ, ಪೇಟೆಯ ಠಾಣೆಗೆ ಹೋದ. ಮಿತಭಾಷಿ. ತಾಯಿಗೆ ಎದುರಾಡಿದವನಲ್ಲ, ಠಾಣೆಯಲ್ಲಿ ಯಾರಿಗೂ ಹೊಡೆದವನೆಂಬ ಹೆಸರಿಲ್ಲ.

ಅಂಥವನು ಒಂದು ಬೆಳಿಗ್ಗೆ ಗಸ್ತಿನಲ್ಲಿದ್ದಾಗ, ಹಡಗುಕಟ್ಟೆಯ ಕ್ಷೌರಿಕನೊಬ್ಬ ಪೇಟೆ ಬೀದಿಯಲ್ಲಿದ್ದ ತನ್ನ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಹಳೆಯ ಶಟರು, ಬೀಗ ಕಚ್ಚಿಕೊಂಡಿತ್ತು. ಆತ ಕುಕ್ಕರುಗಾಲಲ್ಲಿ ಕೂತು ಅದನ್ನು ಅಲ್ಲಾಡಿಸುತ್ತಿದ್ದ. ಹಿಂದಿನ ದಿನವಷ್ಟೇ ಅದೇ ಬೀದಿಯಲ್ಲಿ ಕಳ್ಳತನವಾಗಿತ್ತು, ಕಳ್ಳ ಹಡಗುಕಟ್ಟೆಯವನಂತೆ ಎಂದು ಯಾರೋ ಅಂದಿದ್ದರು. “ಏಯ್, ಕೈ ಮೇಲೆತ್ತು” ಎಂದ ಹುಡುಗ. ಕ್ಷೌರಿಕ ಎದ್ದು, ಬೀಗದಕೈ ತೋರಿಸುವುದಕ್ಕೆಂದು ತಿರುಗಿದ. ಮರುಗಳಿಗೆಯಲ್ಲಿ ಆತ ಕಾಲುದಾರಿಯ ಮೇಲೆ ಬೋರಲು ಬಿದ್ದಿದ್ದ, ಬಲಗೈ ಬೆನ್ನ ಮೇಲಕ್ಕೆ ತಿರುಚಿಕೊಂಡಿತ್ತು, ಭುಜದ ಮೇಲೆ ಮಂಡಿ ಕೂತಿತ್ತು. ಶೆಡ್ಡಿನಲ್ಲಿ ಅದನ್ನು ರೆಕ್ಕೆ ಪಟ್ಟು ಎನ್ನುತ್ತಾರೆ. ಬಿಡುವ ಹೊತ್ತಿಗೆ ಭುಜದ ನರ ಹರಿದು ಬಲಗೈ ಹಗ್ಗದ ಹಾಗೆ ಜೋತುಬಿದ್ದಿತ್ತು. ಕತ್ತರಿ ಹಿಡಿದು ಮನೆ ನಡೆಸುವವನ ಬಲಗೈ!

ಎದುರು ಮನೆಯ ಮಹಡಿಯಿಂದ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಊರೆಲ್ಲ ನೋಡಿತು. ಹಡಗುಕಟ್ಟೆಯವರು ಬೀದಿಗಿಳಿದರು. ನಿವೃತ್ತ ನ್ಯಾಯಾಧೀಶೆಯೊಬ್ಬರನ್ನು ವಿಚಾರಣೆಗೆ ನೇಮಿಸಿದ್ದಾಯಿತು. ಹುಡುಗನನ್ನು ಕೆಲಸದಿಂದ ಅಮಾನತ್ತಿನಲ್ಲಿಟ್ಟರು, ಮೇಷ್ಟ್ರನ್ನು ಸಾಕ್ಷಿಗೆ ಕರೆದರು.

ವಿಚಾರಣೆಗೆ ಮುನ್ನ ಶಾಲೆಯ ದೊಡ್ಡ ಸಾಹೇಬರು ಮೇಷ್ಟ್ರನ್ನು ಕೋಣೆಗೆ ಕರೆಸಿ, ಕೂರಿಸಿ, ಚಹಾ ತರಿಸಿದರು. ಸಾಹೇಬರು ಚಹಾ ತರಿಸಿದರೆಂದರೆ ಏನೋ ಕಾದಿದೆ ಎಂದೇ ಅರ್ಥ. ವಿಡಿಯೋವನ್ನು ತಾವೇ ಹಚ್ಚಿ ಮೇಷ್ಟ್ರ ಮುಂದೆ ಹಿಡಿದರು. ಮೇಷ್ಟ್ರು ಅದುವರೆಗೆ ಅದನ್ನು ನೋಡಿರಲಿಲ್ಲ. ನೋಡಲು ಧೈರ್ಯ ಬಂದಿರಲಿಲ್ಲ ಎನ್ನುವುದೇ ಸರಿ.

ಕ್ಷೌರಿಕನ ಎಡಗೈ ಕಾಣುತ್ತಿತ್ತು. ಬಿಚ್ಚಿದ ಅಂಗೈ ಕಲ್ಲುಚಪ್ಪಡಿಯನ್ನು ಬಡಿಯುತ್ತಿತ್ತು. ಆತನಿಗೆ ಯಾವ ಶೆಡ್ಡೂ ಗೊತ್ತಿಲ್ಲ, ಯಾವ ನಿಯಮವೂ ಗೊತ್ತಿಲ್ಲ. ನೋವು ಮಿತಿ ಮೀರಿದಾಗ ಮನುಷ್ಯನ ಕೈ ತಾನಾಗಿ ನೆಲ ತಟ್ಟುತ್ತದೆ. ಅದನ್ನು ನೋಡಿಯೇ ಅಲ್ಲವೆ ಹಿಂದಿನವರು ಶೆಡ್ಡಿನಲ್ಲಿ ಅದನ್ನೊಂದು ಗುರುತು ಮಾಡಿಕೊಂಡದ್ದು? ಹುಡುಗ ಆ ಕೈಯನ್ನು ನೋಡಿದ. ಚೆನ್ನಾಗಿ ನೋಡಿದ. ನೋಡಿ, ಮಂಡಿಯನ್ನು ಇನ್ನೂ ಕೊಂಚ ಮೇಲಕ್ಕೆ ಸರಿಸಿ ಭಾರ ಬಿಟ್ಟ.

“ಕೆಳಗೆ ಬಿದ್ದವನು ಆ ಕೈಯಲ್ಲಿ ಏನೋ ಆಯುಧ ಹುಡುಕ್ತಿದ್ದ ಅಂತ ಹೇಳೋಣ ಅಂದ್ಕೊಂಡಿದ್ವಿ,” ಎಂದರು ಸಾಹೇಬರು. “ಜನ ಮುಖಕ್ಕೆ ಉಗೀತಾರೆ. ಹುಡುಗನ್ನ ಉಳಿಸೋಕಾಗಲ್ಲ ಮೇಷ್ಟ್ರೇ. ಶಾಲೆ ಹೆಸರಾದ್ರೂ ಉಳೀಬೇಕಲ್ಲ. ನೀವು ಒಂದೇ ಮಾತು ಹೇಳಿ. ತಟ್ಟಿದ ಕೂಡ್ಲೇ ಬಿಡಬೇಕು ಅನ್ನೋದು ನಮ್ಮ ನಿಯಮ, ಹುಡುಗ ಅದನ್ನ ಮೀರಿದಾನೆ. ಇದರಲ್ಲಿ ಸುಳ್ಳೇನಾದ್ರೂ ಇದ್ಯಾ?”

ಇರಲಿಲ್ಲ. ಮೇಷ್ಟ್ರಿಗೆ ತೊಡಕಾದದ್ದೂ ಅದೇ.

“ಸ್ವಂತ ತಂಗಿ ಮಗನ ವಿರುದ್ಧವೇ ಹೇಳ್ತೀರಿ ಅಂದ್ರೆ ನಿಮ್ಮ ಮಾತಿಗೆ ತೂಕ ಬರತ್ತೆ,” ಎಂದು ಸಾಹೇಬರು ಮುಂದುವರಿಸಿದರು. “ನೀಲಿ ಬಟ್ಟೆ ಗೀಲಿ ಬಟ್ಟೆ ಅಂತ ಯಾರೂ ಕೇಳಲ್ಲ. ಕೇಳದೇ ಇದ್ದದ್ದನ್ನ ಹೇಳೋದು ಬೇಡ. ಅಲ್ವಾ?” ಸಾಹೇಬರ ಕೋಣೆಯ ಕಿಟಕಿ ಶೆಡ್ಡಿನ ಕಡೆಗೇ ತೆರೆದಿತ್ತು. ಎಷ್ಟೋ ಮಧ್ಯಾಹ್ನ ಆ ಕಿಟಕಿಯಿಂದಲೂ ನಗು ಕೇಳಿಬಂದದ್ದುಂಟು.

ಮನೆಗೆ ಬಂದರೆ ತಂಗಿ ಬಾಗಿಲಲ್ಲೇ ಹಿಡಿದಳು. ಅವಳು ಸಾಹೇಬರಿಗಿಂತ ಜೋರು.

“ಅಣ್ಣ, ಇವನು ಬಾಯೇ ಬಿಡಲ್ಲ. ಕೇಳಿ ಕೇಳಿ ಸಾಕಾಯ್ತು. ಕೊನೆಗೆ, ಮಾವ ಹೇಳಿಕೊಟ್ಟ ಹಾಗೇ ಮಾಡ್ದೆ ಅಂದ. ನಿಜಾನಾ?”

ಮೇಷ್ಟ್ರು ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ಕಳೆದರು.

“ನಿಜ ಆದ್ರೆ ಅಷ್ಟನ್ನ ಹೇಳಿಬಿಡು. ನಿನ್ನ ಮಾತನ್ನ ಯಾರು ತೆಗೆದುಹಾಕ್ತಾರೆ? ಅಂಚೆ ಕಚೇರಿ ಕೆಲಸಕ್ಕೆ ಹಾಕ್ತೀನಿ ಅಂತ ನಾನು ಬಡ್ಕೊಂಡೆ. ಗಂಡುಮಗ ಅಂಚೆ ಚೀಟಿ ನೆಕ್ಕೋದಾ ಅಂತ ನನ್ನ ಬಾಯಿ ಮುಚ್ಚಿಸಿದವನು ನೀನು. ಈಗ ನನ್ನ ಮಗನ್ನ ನಡುನೀರಲ್ಲಿ ಕೈಬಿಡಬೇಡ ಅಣ್ಣ.”

ಅವಳಿಗೆ ಗೊತ್ತಿಲ್ಲದ್ದು ಇಷ್ಟು: ಹುಡುಗ ಕಲಿಸಿದ ಹಾಗೇ ಮಾಡಿದ ಎಂದರೆ, ಕಲಿಸಿದ್ದು ಏನು ಎಂದು ಕೇಳುತ್ತಾರೆ. ಆಗ ಮೇಷ್ಟ್ರ ಜೀವಮಾನದ ಕೆಲಸವೆಲ್ಲ ಬೀದಿಪಾಲು. ಹಾಗೆಂದು ಹುಡುಗನೂ ಉಳಿಯುವುದಿಲ್ಲ. ಇನ್ನೊಂದು ಕಡೆ, ಸಾಹೇಬರ ಮಾತಿನಂತೆ ನಡೆದರೆ ಮೇಷ್ಟ್ರ ಹೆಸರಿಗೆ ಒಂದು ಚುಕ್ಕೆಯೂ ಅಂಟುವುದಿಲ್ಲ. ಹೆಗಲ ಮೇಲೆ ಬೆಳೆದವನನ್ನು ಕೆಳಗೆ ಹಾಕಿ ತಾವು ಕೈ ತೊಳೆದುಕೊಂಡರಾಯಿತು. ಊರು ಅವರನ್ನೇ ನ್ಯಾಯವಂತ ಎಂದು ಹೊಗಳುತ್ತದೆ. ಎಂಥ ಅನುಕೂಲ ನೋಡಿ!

ಹುಡುಗ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ಮೇಷ್ಟ್ರು ಹೋಗಿ ಪಕ್ಕದಲ್ಲಿ ಕೂತರು. ಸಂಜೆಯ ಬಿಸಿಲು ಗೋಡೆಯ ಮೇಲಿತ್ತು.

“ಅವನು ತಟ್ಟಿದ್ದು ಕಾಣಿಸ್ಲಿಲ್ವಾ ನಿಂಗೆ?” ಎಂದು ಕೇಳಿದರು. ಕಾಣಿಸಲಿಲ್ಲ ಎಂದುಬಿಡಲಿ ಎಂಬ ಆಸೆ ದನಿಯಲ್ಲೇ ಇತ್ತು.

“ಕಾಣಿಸ್ತು ಮಾವ.”

“ಮತ್ತೆ?”

ಹುಡುಗ ಮೆಟ್ಟಿಲ ಅಂಚಿನ ಗಾರೆಯನ್ನು ಉಗುರಿನಿಂದ ಕೆರೆದ. ಆಮೇಲೆ, “ನಮ್ಮ ಬ್ಯಾಚಲ್ಲಿ ನೀಲಿ ಬಟ್ಟೆ ಕಟ್ಕೋತಿದ್ದದ್ದು ಯಾರು, ನೆನಪಿದ್ಯಾ?” ಎಂದ.

ನೆನಪಿತ್ತು. ತಂಡದಲ್ಲೆಲ್ಲ ಹುಡುಗನದೇ ಕಪ್ಪು ಬಣ್ಣ. “ಇವನಿಗೆ ಬಣ್ಣ ಹಚ್ಚೋದೇ ಬೇಡ” ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ದಿನವೂ ಬಟ್ಟೆ ಅವನ ತಲೆಗೇ ಬಂತು. ಮೇಷ್ಟ್ರು ತಡೆಯಲಿಲ್ಲ. ತಡೆದರೆ ತಂಗಿಯ ಮಗನೆಂದು ಪಕ್ಷಪಾತ ಮಾಡಿದ ಹಾಗಾಗುತ್ತದೆಂದು ಅಂದುಕೊಂಡಿದ್ದರು. ಅದನ್ನು ನ್ಯಾಯ ಎಂದೇ ನಂಬಿದ್ದರು, ಪುಣ್ಯಾತ್ಮರು.

“ಎಷ್ಟು ನೋವಾಗತ್ತೆ ಅಂತ ನಂಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ,” ಎಂದ ಹುಡುಗ. “ಆದ್ರೆ ಬೆಳಿಗ್ಗೆ ಹೊತ್ತಿಗೆ ಸರಿಹೋಗ್ತಿತ್ತು. ನಾನು ತಡ್ಕೊಂಡಿದ್ನಲ್ಲ, ಅವನೂ ತಡ್ಕೋತಾನೆ ಅಂದ್ಕೊಂಡೆ. ಇನ್ನೊಂದು ಸ್ವಲ್ಪ ತಟ್ಟಲಿ ಅಂತ ಕಾಯ್ತಾ ಇದ್ದೆ ಮಾವ. ಸುಮ್ನೆ ಕಾಯ್ತಾ ಇದ್ದೆ. ಅವನ ಕೈ ನಿಂತುಹೋಯ್ತು.”

ಹುಡುಗ ಅಳಲಿಲ್ಲ. ಅತ್ತಿದ್ದರೆ ಮೇಷ್ಟ್ರು ಬೆನ್ನು ಸವರುತ್ತಿದ್ದರೇನೋ. ಸುಮ್ಮನೆ ಕೂತವನ ಬೆನ್ನಿನ ಮೇಲೆ ಕೈ ಇಡಲು ಅವರಿಗೆ ಧೈರ್ಯವಾಗಲಿಲ್ಲ. ಒಳಗಿನಿಂದ ತಂಗಿ ಊಟಕ್ಕೆ ಕೂಗಿದಳು, ಇಬ್ಬರೂ ಎದ್ದು ಹೋದರು.

ವಿಚಾರಣೆ ನಡೆದದ್ದು ಪುರಸಭೆಯ ಹಳೆಯ ಕಟ್ಟಡದಲ್ಲಿ. ಮೇಷ್ಟ್ರು ಬೇಗನೆ ಹೋಗಿ ಮೊಗಸಾಲೆಯ ಬೆಂಚಿನ ಮೇಲೆ ಕೂತರು. ಇಸ್ತ್ರಿ ಮಾಡಿದ ಅಂಗಿ, ಸಾಹೇಬರು ಹೇಳಿಕೊಟ್ಟ ವಾಕ್ಯ ನಾಲಿಗೆಯ ತುದಿಯಲ್ಲಿ. ಸ್ವಲ್ಪ ಹೊತ್ತಿನಲ್ಲಿ ಬೆಂಚಿನ ಇನ್ನೊಂದು ತುದಿಗೆ ಒಬ್ಬಾತ ಬಂದು ಕೂತ. ಐವತ್ತರ ಆಸುಪಾಸು, ನರೆತ ಗುಂಗುರು ಕೂದಲು ಒಪ್ಪವಾಗಿ ಕತ್ತರಿಸಿದ್ದು, ಬಲಗೈ ಬಟ್ಟೆಯ ಜೋಳಿಗೆಯಲ್ಲಿ. ನೀರಿನ ಬಾಟಲಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಿಂದ ಮುಚ್ಚಳ ತಿರುಗಿಸಲು ಒದ್ದಾಡಿದ. ಆಗಲಿಲ್ಲ.

“ಇದನ್ನ ಸ್ವಲ್ಪ ತೆಗೆದುಕೊಡ್ತೀರಾ ಸ್ವಾಮಿ?”

ಮೇಷ್ಟ್ರಿಗೆ ನೋಡಿದೊಡನೆ ಗುರುತು ಹತ್ತಿತ್ತು. ಆತನಿಗೆ ಇವರು ಯಾರೆಂದು ಗೊತ್ತಿರಲಿಲ್ಲ. ಬಾಟಲಿ ತೆಗೆದುಕೊಟ್ಟರು. ಆತ ನೀರು ಕುಡಿದು, ಇವರ ತಲೆಯನ್ನೇ ನೋಡಿದ.

“ತಪ್ಪು ತಿಳ್ಕೋಬೇಡಿ. ಈ ತಲೆನ ಯಾರ ಕೈಗೆ ಕೊಟ್ಟಿದ್ರಿ? ಎಡಗಿವಿ ಹಿಂದೆ ಮೆಟ್ಟಿಲು ಕಟ್ಟಿಟ್ಟಿದಾನೆ.”

ಮೇಷ್ಟ್ರಿಗೆ ತಡೆಯಲಾರದೆ ನಗು ಬಂತು. ಆತನಿಗೂ ಬಂತು.

“ನನ್ನ ತಮ್ಮನೂ ಹಿಂಗೇ,” ಎಂದ ಕ್ಷೌರಿಕ. “ಈಗ ಅಂಗಡಿ ಅವನದೇ. ನಾನು ಪಕ್ಕದಲ್ಲಿ ಕೂತು ಬಾಯಲ್ಲೇ ಕ್ಷೌರ ಮಾಡ್ತೀನಿ. ಇಲ್ಲಿ ತೆಗಿ, ಅಲ್ಲಿ ಬಿಡು, ಕಿವಿ ಹತ್ರ ಹುಷಾರು. ಅವನಿಗೆ ರೇಗಿಹೋಗತ್ತೆ.”

“ಕೈ... ಹೇಗಿದೆ?” ಎಂದರು ಮೇಷ್ಟ್ರು.

“ಡಾಕ್ಟ್ರು ಕಾದು ನೋಡೋಣ ಅಂತಾರೆ. ಆ ಮಾತಿಗೆ ಏನರ್ಥ ಅಂತ ನಂಗೂ ಗೊತ್ತು, ಅವ್ರಿಗೂ ಗೊತ್ತು. ಬೆಳಿಗ್ಗೆ ಮಗಳು ಅಂಗಿ ಗುಂಡಿ ಹಾಕಿ ಕಳಿಸ್ತಾಳೆ, ಚಿಕ್ಕ ಮಗುಗೆ ಹಾಕೋ ಹಾಗೆ.” ಆತ ಬಾಟಲಿಯನ್ನು ಪಕ್ಕಕ್ಕಿಟ್ಟ. “ಒಂದು ವಿಷಯ ಮಾತ್ರ ನಂಗೆ ತಲೆಗೆ ಹೋಗಲ್ಲ ಸ್ವಾಮಿ. ಮಗಳು ಬೇಡ ಬೇಡ ಅಂದ್ರೂ ಆ ವಿಡಿಯೋ ನೋಡ್ದೆ. ಆ ಹುಡುಗ ನನ್ನ ಕೈ ನೋಡ್ತಾನೆ. ನೆಲ ಬಡ್ಕೋತಾ ಇದೀನಿ, ಅದನ್ನ ನೋಡ್ತಾನೆ. ಅವನ ಮುಖದಲ್ಲಿ ಸಿಟ್ಟಿದ್ದಿದ್ರೆ ಅರ್ಥ ಆಗ್ತಿತ್ತು. ಹೆದರಿಕೆ ಇದ್ದಿದ್ರೂ ಅರ್ಥ ಆಗ್ತಿತ್ತು. ಏ, ಏನೂ ಇಲ್ಲ! ಬಸ್ಸಿಗೆ ಕಾಯೋರ ಥರ ಕೂತಿದಾನೆ. ಏನಕ್ಕೆ ಕಾಯ್ತಿದ್ದ ಅವನು?”

ಉತ್ತರ ಗೊತ್ತಿದ್ದವರು ಆತನ ಪಕ್ಕದಲ್ಲೇ ಕೂತಿದ್ದರು. ಮೇಷ್ಟ್ರಿಗೆ ಹೇಳಿಬಿಡಬೇಕೆನ್ನಿಸಿತು, ಎದ್ದು ಓಡಬೇಕೆನ್ನಿಸಿತು. ಎರಡನ್ನೂ ಮಾಡುವ ಮೊದಲೇ ಒಳಗಿನಿಂದ ಕರೆ ಬಂತು: “ತರಬೇತಿ ಶಾಲೆಯ ಮೇಷ್ಟ್ರು ಬರಬೇಕಂತೆ.” ಅವರು ಎದ್ದು ನಿಂತರು. ಕ್ಷೌರಿಕ ತಲೆಯೆತ್ತಿ ನೋಡಿದ. ಆ ಮುಖದಲ್ಲಿ ಇನ್ನೂ ಉಳಿದಿದ್ದ ಸಲಿಗೆ ಮೆಲ್ಲಗೆ ಆರಿದ್ದನ್ನು ಮೇಷ್ಟ್ರು ಕಂಡರು. ಆತನೂ ಎದ್ದು, ಅವರ ಹಿಂದೆಯೇ ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತ.

ಸಭಾಂಗಣ ತುಂಬಿತ್ತು. ಗೋಡೆಗುಂಟ ಬಂದೋಬಸ್ತಿನ ಪೊಲೀಸರು. ಒಂದು ಕಡೆ ದೊಡ್ಡ ಸಾಹೇಬರು, ಅವರ ಹಿಂದೆ ತಂಗಿ, ತಂಗಿಯ ಪಕ್ಕದಲ್ಲಿ ಹುಡುಗ. ಎತ್ತರದ ಮೇಜಿನ ಹಿಂದೆ ಕೂತಿದ್ದ ನ್ಯಾಯಾಧೀಶೆ ಸಣ್ಣ ದನಿಯವರು. ಅವರ ಮಾತು ಕೇಳಬೇಕಾದರೆ ಎಲ್ಲರೂ ಬಾಯಿ ಮುಚ್ಚಲೇಬೇಕು.

“ಪಟ್ಟಿಗೆ ಸಿಕ್ಕವನು ನೆಲ ತಟ್ಟಿದರೆ ಬಿಡಬೇಕು ಅನ್ನೋದು ನಿಮ್ಮ ನಿಯಮವಾ?”

“ಹೌದು ಮೇಡಂ.”

“ಹಾಗಾದ್ರೆ ಈ ಹುಡುಗ ನಿಯಮ ಮೀರಿದಾನೆ.”

ಇನ್ನೊಂದು ‘ಹೌದು’ ಸಾಕಿತ್ತು. ಸಾಹೇಬರು ಆಗಲೇ ತಲೆಯಾಡಿಸುತ್ತಿದ್ದರು. ಮೇಷ್ಟ್ರು ಬಾಯಿ ತೆರೆದರು. ಮುಂದಿನ ಸಾಲಿನಲ್ಲಿ ಕ್ಷೌರಿಕ ಅವರ ಬಾಯನ್ನೇ ನೋಡುತ್ತಿದ್ದ.

“ಇಲ್ಲ ಮೇಡಂ,” ಎಂದರು. “ಮೀರಿಲ್ಲ. ನಮ್ಮಲ್ಲಿ ನಿಯಮ ಎರಡಿತ್ತು.”

ಆಮೇಲೆ ಹೇಳಿದರು. ಬೇಸಿಗೆಯ ಮಧ್ಯಾಹ್ನ, ನೀಲಿ ಬಟ್ಟೆ, ಎಲ್ಲವನ್ನೂ. “ನೀವು ಅಂದ ಮಾತನ್ನ ಹಾಗೇ ಹೇಳಿ” ಎಂದರು ನ್ಯಾಯಾಧೀಶೆ. ಮೇಷ್ಟ್ರು ಬೆವರು ಒರೆಸಿಕೊಂಡು ಹೇಳಿದರು: “ಬಿಡಬೇಡ. ನೀಲಿ ಬಟ್ಟೆಯವನ ತಟ್ಟು ಲೆಕ್ಕಕ್ಕಿಲ್ಲ. ಅವರ ಚರ್ಮ ದಪ್ಪ...”

ಗೋಡೆಯ ಬಳಿ ಒಬ್ಬ ಪೊಲೀಸಿನವನಿಗೆ ಪುಸಕ್ಕನೆ ನಗು ಬಂತು. ಪಾಪ, ಬೇಕೆಂದು ನಕ್ಕದ್ದಲ್ಲ. ಆ ಮಾತಿಗೆ ನಕ್ಕು ನಕ್ಕು ಅಭ್ಯಾಸ. ಕೂಡಲೇ ಕೆಮ್ಮಿದ ಹಾಗೆ ಮಾಡಿದ. ಆದರೆ ಸಭೆಯೆಲ್ಲ ತಿರುಗಿ ನೋಡಿತ್ತು. ಮೇಷ್ಟ್ರು ಜೀವಮಾನದಲ್ಲಿ ಎಷ್ಟೋ ನಗು ಗಳಿಸಿದ್ದರು. ಅವನ್ನೆಲ್ಲ ಸೇರಿಸಿ ಯಾರೋ ಮುಖಕ್ಕೆ ಎರಚಿದಂತಾಯಿತು ಅವರಿಗೆ.

“ಹಾಗಾದ್ರೆ ತಪ್ಪು ನಿಮ್ಮದು ಅಂತೀರಾ?”

“ನನ್ನದೇ ಮೇಡಂ. ಪೂರ್ತಿ ನನ್ನದು. ಹುಡುಗ ಏನು ಮಾಡ್ತಾನೆ, ಹೇಳಿಕೊಟ್ಟದ್ದನ್ನ ಮಾಡಿದ. ಅವನದೇನೂ ಇಲ್ಲ.”

ನೋಡಿ ಮೇಷ್ಟ್ರ ಜಾಣತನವನ್ನು! ಎದೆ ಬಿಚ್ಚಿ ಒಪ್ಪಿಕೊಳ್ಳುವಾಗಲೂ, ಅದರ ಸಂದಿಯಲ್ಲಿ ಮನೆಯ ಹುಡುಗನನ್ನು ಮೆಲ್ಲಗೆ ಆಚೆ ದಾಟಿಸುವ ಹವಣಿಕೆ. ತಂಗಿಯ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು. ಅವಳು ಕೈ ಜೋಡಿಸಿಯೂ ಬಿಟ್ಟಿದ್ದಳು.

“ಮಾವ, ಸುಮ್ನಿರಿ.”

ಹುಡುಗ ಎದ್ದು ನಿಂತಿದ್ದ. ತಾಯಿ ಅವನ ಅಂಗಿ ಹಿಡಿದು ಎಳೆದಳು, ಅವನು ಕೂರಲಿಲ್ಲ.

“ಮಂಡಿ ನಂದು ಮೇಡಂ. ಮಾವ ಎಲ್ಲರಿಗೂ ಹೇಳಿಕೊಟ್ಟರು. ಅವತ್ತು ಬೀದಿಯಲ್ಲಿ ಮಾವ ಇರಲಿಲ್ಲ, ನಾನಿದ್ದೆ. ಅವರು ತಟ್ಟಿದ್ದು ಕಂಡಿತ್ತು. ನೋವು ಅಂತ ಗೊತ್ತಿತ್ತು. ಬಿಡಬಹುದಿತ್ತು. ಹಡಗುಕಟ್ಟೆಯವರಲ್ಲದೆ ಬೇರೆ ಯಾರಾಗಿದ್ರೂ ಬಿಡ್ತಿದ್ದೆ.” ಅವನು ಕ್ಷೌರಿಕನ ಕಡೆ ತಿರುಗಿದ, ಮುಖ ನೋಡಲಾಗಲಿಲ್ಲ, ಜೋಳಿಗೆಯಲ್ಲಿದ್ದ ಕೈಯನ್ನು ನೋಡಿದ. “ಅಷ್ಟನ್ನ ನಾನೇ ಹೇಳಬೇಕು ಅನ್ನಿಸ್ತು.”

ತಂಗಿ ಅಂಗಿಯನ್ನು ಬಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಹೇಬರು ಕೈಗಡಿಯಾರ ನೋಡಿಕೊಳ್ಳತೊಡಗಿದರು. ಹುಡುಗನನ್ನು ದಾಟಿಸುವ ದಾರಿ ಮುಚ್ಚಿತೆಂದು ಮೇಷ್ಟ್ರಿಗೆ ತಿಳಿಯಿತು. ಜೊತೆಗೆ, ಒಪ್ಪಿಕೊಳ್ಳಲು ನಾಚಿಕೆಯಾದರೂ, ಎಲ್ಲೋ ಒಂದು ಮೂಲೆಯಲ್ಲಿ ಹಗುರವೂ ಆಯಿತು. ಹೇಳಬೇಕಾದ್ದನ್ನು ಹೇಳಿಯಾಯಿತು, ಇನ್ನು ಆಗುವುದು ಆಗಲಿ.

ಆಗ ಕ್ಷೌರಿಕ ಎಡಗೈ ಎತ್ತಿದ.

“ನಾನೊಂದು ಮಾತು ಕೇಳಬಹುದಾ ಅಮ್ಮ?”

“ಕೇಳಿ.”

ಆತ ಎದ್ದು ಮೇಷ್ಟ್ರ ಕಡೆ ತಿರುಗಿದ. ಮೊಗಸಾಲೆಯಲ್ಲಿ ಕೇಳಿದ ದನಿಯಲ್ಲ ಇದು, ಸಿಟ್ಟಿನದೂ ಅಲ್ಲ.

“ಮಾವ ಅಳಿಯ ಇಬ್ಬರೂ ತಪ್ಪು ನಂದು ನಂದು ಅಂತ ಕಿತ್ತಾಡ್ತಿದೀರಿ. ಅದನ್ನ ಅಮ್ಮನವರು ಇತ್ಯರ್ಥ ಮಾಡಲಿ. ನಂಗೆ ಬೇಕಾದ್ದು ಬೇರೆ. ಈ ಪಾಠ ಎಷ್ಟು ಜನಕ್ಕೆ ಹೇಳಿಕೊಟ್ಟಿದೀರಿ?”

ಮೇಷ್ಟ್ರು ಗೋಡೆಗುಂಟ ನಿಂತವರನ್ನು ನೋಡಿದರು. ಬಾಗಿಲಲ್ಲಿದ್ದವನು, ಕಿಟಕಿಯ ಬಳಿ ಇದ್ದವನು, ನಕ್ಕು ಕೆಮ್ಮಿದವನು. ಒಬ್ಬರೂ ಅವರ ಕಣ್ಣಿಗೆ ಕಣ್ಣು ಕೊಡಲಿಲ್ಲ.

“ಎಲ್ಲರಿಗೂ,” ಎಂದರು.

“ಈಗ ನಾನು ಮನೆಗೆ ಹೋಗಬೇಕು,” ಎಂದ ಕ್ಷೌರಿಕ. “ಬಸ್ಸಿನ ನೂಕಾಟದಲ್ಲಿ ಕೈಗೆ ತಾಗತ್ತೆ, ಅದಕ್ಕೆ ನಡ್ಕೊಂಡೇ ಹೋಗ್ತೀನಿ. ಸಾಯಂಕಾಲ ತಮ್ಮ ಅಂಗಡಿ ಮುಚ್ಕೊಂಡು ಬರ್ತಾನೆ. ಮಗಳು ಕಾಲೇಜಿಂದ ಬರ್ತಾಳೆ. ನಿಮ್ಮ ಹುಡುಗರು ನಿಂತಿರದ ದಾರಿ ಯಾವುದು, ಹೇಳಿ ಮೇಷ್ಟ್ರೇ. ನಾವು ಆ ದಾರೀಲಿ ಓಡಾಡ್ತೀವಿ.”

ಮೇಷ್ಟ್ರು ಆ ಪ್ರಶ್ನೆಯನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡರು. ಮನಸ್ಸಿನಲ್ಲೇ ದಾರಿ ಹುಡುಕಿದರು. ಪೇಟೆಯ ವೃತ್ತದಲ್ಲಿ ಇರುವವನು ಅವರ ಕೈಯಲ್ಲಿ ಪಳಗಿದವನು, ರೆಕ್ಕೆ ಪಟ್ಟಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಆಸ್ಪತ್ರೆ ರಸ್ತೆಯಲ್ಲಿ ಅಣ್ಣ ತಮ್ಮ ಇಬ್ಬರೂ ಅವರ ಶಿಷ್ಯರೇ. ಸೇತುವೆ ದಾಟಿ ಹೋದರೆ ಅಲ್ಲಿನ ಠಾಣೆಗೆ ಠಾಣೆಯೇ ಅವರದು. ಹಿಂದಿನ ಗಲ್ಲಿಗಳಲ್ಲಿ ಹೋಗಬಹುದು, ಆದರೆ ಗಲ್ಲಿಯಲ್ಲಿ ನಡೆಯುವ ಹಡಗುಕಟ್ಟೆಯವನನ್ನು ಕಂಡರೆ ಏನು ಮಾಡಬೇಕೆಂದೂ ಅವರೇ ಕಲಿಸಿದ್ದರು. ಊರಿನ ಬೀದಿಗಳೆಲ್ಲ ಒಂದೊಂದಾಗಿ ಮುಗಿದವು.

“ನಾನು ನಿಮ್ಮ ಜೊತೆ ಬರ್ತೀನಿ,” ಎಂದರು. “ಮನೆ ತನಕ ಬಿಟ್ಟು ಬರ್ತೀನಿ.”

“ಇವತ್ತು ಬರ್ತೀರಿ,” ಎಂದ ಕ್ಷೌರಿಕ. “ನಾಳೆ ಬೆಳಿಗ್ಗೆ ನನ್ನ ತಮ್ಮ ಶಟರ್ ಹತ್ರ ಕೂತು ಬೀಗ ತೆಗೀತಿರ್ತಾನೆ. ಆಗ?”

ನ್ಯಾಯಾಧೀಶೆ ಕೂಡ ಮೇಷ್ಟ್ರನ್ನೇ ನೋಡುತ್ತಿದ್ದರು. ಕ್ಷೌರಿಕ ಕೂರಲಿಲ್ಲ, ಉತ್ತರಕ್ಕಾಗಿ ನಿಂತೇ ಇದ್ದ.